ಎದೆ ಬೆಚ್ಚಗಾದರೆ ಸಾಕೇ?

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಮ್ಮದು ಬೆಟಗೇರಿ. ಚಿಕ್ಕಂದಿನಿಂದ ಚರ್ಚಿಗೆ ಹೋಗಿ ಬೆಳೆದವನು. ಸಂಡೇ ಸ್ಕೂಲ್, ದೃಢೀಕರಣ ಎಲ್ಲ ಆಗಿದೆ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ರೂಮಿನಲ್ಲಿ ಒಬ್ಬನೇ ಇರುತ್ತೇನೆ. ಆಫೀಸಿನ ಗೆಳೆಯನೊಬ್ಬ ತನ್ನ ಸಭೆಗೆ ಕರೆದುಕೊಂಡು ಹೋದ. ಮಾರ್ಮನ್ನರು ಅಂತಾರಲ್ಲ, ಅವರ ಸಭೆ. ಬಿಳಿ ಅಂಗಿ, ಟೈ ಹಾಕಿದ ಇಬ್ಬರು ಹುಡುಗರು ವಾರಕ್ಕೆರಡು ಸಲ ಬಂದು ಪಾಠ ಹೇಳುತ್ತಾರೆ. ನನಗೆ ಡೆಂಗೀ ಆದಾಗ ಗಂಜಿ ತಂದುಕೊಟ್ಟವರೂ ಅವರೇ. 'ಮಾರ್ಮನ್ ಗ್ರಂಥ ಓದಿ, ಇದು ನಿಜವೇ ಅಂತ ದೇವರನ್ನು ಕೇಳು, ಎದೆಯಲ್ಲೇ ಉತ್ತರ ಸಿಗುತ್ತದೆ' ಅಂದರು. ಕೇಳಿದೆ. ಎದೆ ಬೆಚ್ಚಗಾಯಿತು, ಕಣ್ಣು ತುಂಬಿತು. ಈಗ ಮತ್ತೊಮ್ಮೆ ದೀಕ್ಷಾಸ್ನಾನ ತಗೋ ಅಂತ ದಿನವನ್ನೂ ಗೊತ್ತು ಮಾಡಿದ್ದಾರೆ. ಆದರೆ ಅವರ ಇತಿಹಾಸದ ಬಗ್ಗೆ ಬೇರೆ ಕಡೆ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಊರಿಗೆ ಬಂದಾಗ ಅವ್ವ ಚಹಾ ಕೊಟ್ಟಳು, ಬೇಡ ಅಂದೆ. ಅವರಲ್ಲಿ ಚಹಾ, ಕಾಫಿ ಕುಡಿಯುವಂತಿಲ್ಲ. ಅವ್ವ ಅತ್ತಳು. ನಮ್ಮ ಸಭಾಪಾಲಕರು 'ಸುಳ್ಳು ಬೋಧನೆ, ಅವರ ಜೊತೆ ಮಾತೇ ಬೇಡ' ಅಂದುಬಿಟ್ಟರು. ಸತ್ಯ ಯಾವುದು ಅಂತ ನಾನು ಹೇಗೆ ತಿಳಿಯಲಿ?
— ಒಬ್ಬ ಓದುಗ, ಗದಗ-ಬೆಟಗೇರಿ

ಉತ್ತರ: ತಮ್ಮಾ, ನಿನ್ನ ಪತ್ರವನ್ನು ಎರಡು ದಿನ ಟೇಬಲ್ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಮೊದಲು ಒಂದು ಮಾತು. ಕೇಳುವುದು ಪಾಪವಲ್ಲ. ನಮ್ಮ ಮುತ್ತಜ್ಜನೂ ನಿನ್ನ ಬೆಟಗೇರಿಯವನೇ, ಮಗ್ಗದ ಮನೆಯವನು. ಬಾಸೆಲ್ ಮಿಷನ್ನಿನ ಪಾದ್ರಿಗಳು ಯುರೋಪಿನಿಂದ 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಮುಂದೆ ನಮ್ಮ ಮುತ್ತಜ್ಜ ಅವರ ಮಾತು ಕೇಳಿ ಕ್ರೈಸ್ತನಾದಾಗ ಅವನ ಅಣ್ಣಂದಿರು ಅವನು ಸತ್ತ ಅಂತಲೇ ತಿಳಿದರಂತೆ. 'ಪರದೇಶದವರ ಹೊಸ ಮತ' ಅಂತ ಅವನಿಗೂ ಅಂದಿದ್ದರು. ಹಾಗಾಗಿ ಹೊಸದು, ಹೊರಗಿನದು ಅನ್ನುವ ಕಾರಣಕ್ಕೆ ನಾನು ಯಾವುದನ್ನೂ ತಳ್ಳಿಹಾಕಲಾರೆ.

ಜೋಸೆಫ್ ಸ್ಮಿತ್ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮಾರ್ಮನ್ ಗ್ರಂಥ ಅಚ್ಚು ಹಾಕಿಸಿ ಸಭೆ ಶುರು ಮಾಡಿದ್ದು 1830ರಲ್ಲಿ. ಧಾರವಾಡಕ್ಕೆ ಮಿಷನರಿಗಳು ಬರುವ ಏಳು ವರ್ಷ ಮುಂಚೆ, ಅಷ್ಟೇ. ಅಂದಹಾಗೆ, ಅವರನ್ನು ಮಾರ್ಮನ್ನರು ಅಂದರೆ ಅವರಿಗೆ ಈಗ ಹಿಡಿಸುವುದಿಲ್ಲ. 2018ರಲ್ಲಿ ಅವರ ಅಧ್ಯಕ್ಷರು ಸಭೆಯ ಪೂರ್ತಿ ಹೆಸರನ್ನೇ ಬಳಸಿ ಎಂದು ಕೇಳಿಕೊಂಡರು. ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆ ಅಂತ. ನೀನು ಮಾತಾಡುವಾಗ ಆ ಹೆಸರನ್ನೇ ಹೇಳು.

ನಿನಗೆ ಇನ್ನೊಂದು ಸಭೆಗೆ ಹೋದ ಹಾಗೆ ಅನಿಸಿರಬಹುದು, ಅಲ್ವಾ? ತಂದೆ, ಮಗ, ಪವಿತ್ರಾತ್ಮ ಎಲ್ಲ ಅಲ್ಲೂ ಇದೆ. ಆದರೆ ಅರ್ಥ ಬೇರೆ. ನಾವು ಒಬ್ಬನೇ ದೇವರು, ತ್ರಯೇಕನು, ಅಂದರೆ ಮೂವರಾಗಿದ್ದೂ ಒಬ್ಬನೇ ಅನ್ನುತ್ತೇವೆ. ಅವರಿಗೆ ಈ ಮೂವರೂ ಬೇರೆ ಬೇರೆ. ತಂದೆಗೆ ಮಾಂಸ, ಮೂಳೆಯ ದೇಹವಿದೆ ಅಂತ ಅವರ ಗ್ರಂಥದಲ್ಲೇ ಇದೆ. ಮನುಷ್ಯ ಬೆಳೆಯುತ್ತಾ ಬೆಳೆಯುತ್ತಾ ದೇವರಂತೆ ಆಗಬಲ್ಲ ಅಂತಲೂ ಕಲಿಸುತ್ತಾರೆ. ಯೇಸು ಕಳಿಸಿದ ಮೊದಲ ಶಿಷ್ಯರು, ಅಪೊಸ್ತಲರು, ತೀರಿಕೊಂಡ ಮೇಲೆ ಸಭೆಯ ಅಧಿಕಾರವೇ ಭೂಮಿಯಿಂದ ಹೋಯಿತು, ಸ್ಮಿತ್ ಮೂಲಕ ಅದು ತಿರುಗಿ ಬಂತು ಅನ್ನುವುದು ಅವರ ನಂಬಿಕೆಯ ಬುಡ. ಅದಕ್ಕೇ ನಿನಗೆ ಆಗಿರುವ ದೀಕ್ಷಾಸ್ನಾನ ಅವರ ಲೆಕ್ಕಕ್ಕೆ ಬರುವುದಿಲ್ಲ. ಅವರ ಸ್ನಾನ ನಮಗೆ ಲೆಕ್ಕವಿಲ್ಲ ಅಂತ ರೋಮಿನ ಕಥೋಲಿಕ ಸಭೆಯೂ 2001ರಲ್ಲಿ ಹೇಳಿದೆ. ಚರ್ಚು ಬದಲಿಸಿದಷ್ಟು ಸಣ್ಣ ವಿಷಯ ಇದಲ್ಲ. ತಿಳಿದೇ ಹೆಜ್ಜೆ ಇಡು.

ಈಗ ಆ ಬೆಚ್ಚಗಿನ ಎದೆಯ ಮಾತು. ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

2009ರಲ್ಲಿ ನಮ್ಮ ಯಜಮಾನರ ಕಿಡ್ನಿ ಕೆಟ್ಟಿತು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ರಾತ್ರಿ ಅಲ್ಲಿನ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಪ್ರಾರ್ಥಿಸಿದೆ. 'ಕರ್ತನೇ, ಉಳಿಸುತ್ತೀಯಾ, ಹೇಳು' ಅಂದೆ. ಬೆಳಗಿನ ಜಾವ ಎದೆಯ ಭಾರ ತಾನಾಗಿ ಇಳಿಯಿತು. ಅಷ್ಟು ಸಮಾಧಾನ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಮಗಳಿಗೆ ಫೋನ್ ಮಾಡಿ 'ಅಪ್ಪ ಉಳೀತಾರೆ, ದೇವರೇ ಹೇಳಿದ' ಅಂದೆ. ಮೂರನೇ ದಿನ ಅವರು ಹೋದರು. ಮಣ್ಣು ಮಾಡಿ ಬಂದ ಸಂಜೆ ಮಗಳು ಕೇಳಿದಳು, 'ಅವ್ವಾ, ದೇವರು ಹೇಳಿದ ಅಂದಿದ್ದೆಯಲ್ಲ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟೋ ತಿಂಗಳು ಪ್ರಾರ್ಥನೆಗೆ ಕೂರಲೂ ಆಗಲಿಲ್ಲ.

ಆ ಸಮಾಧಾನ ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಅದು ಬರದಿದ್ದರೆ ಆ ಮೂರು ದಿನ ನಾನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆದರೆ ದೇವರು ಕೊಟ್ಟ ಸಾಂತ್ವನವನ್ನು ನಾನು ಸುದ್ದಿ ಅಂತ ಓದಿಕೊಂಡಿದ್ದೆ. ನೀನು ಬೆಂಗಳೂರಿನಲ್ಲಿ ಒಬ್ಬನೇ ಇದ್ದೆ, ಜ್ವರ ಬಂದು ಎದ್ದಿದ್ದೆ, ನಿನ್ನನ್ನು ಪ್ರೀತಿಯಿಂದ ನೋಡಿಕೊಂಡವರ ಪುಸ್ತಕ ಕೈಯಲ್ಲಿತ್ತು. ದೇವರನ್ನು ಕರೆದೆ. ಎದೆ ಬೆಚ್ಚಗಾಯಿತು. ದೇವರು ನಿನ್ನ ಹತ್ತಿರ ಬಂದಿರಬಹುದು, ನಾನು ಅಲ್ಲಗಳೆಯಲಾರೆ. ಆದರೆ ಮಾರ್ಮನ್ ಗ್ರಂಥ ಹೇಳುವ ಹಾಗೆ ಕ್ರಿಸ್ತಪೂರ್ವ 600ರ ಸುಮಾರಿಗೆ ಯೆರೂಸಲೇಮಿನಿಂದ ಒಂದು ಕುಟುಂಬ ಹಡಗಿನಲ್ಲಿ ಅಮೆರಿಕಕ್ಕೆ ಹೋಯಿತೋ ಇಲ್ಲವೋ? ಅದಕ್ಕೆ ಆ ಬೆಚ್ಚಗೆಯಲ್ಲಿ ಉತ್ತರ ಇರಲು ಹೇಗೆ ಸಾಧ್ಯ?

ನಾನು ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವಳು. ಮಕ್ಕಳನ್ನು ನಿಮ್ಮೂರ ಪಕ್ಕದ ಲಕ್ಕುಂಡಿಗೆ ಕರೆದುಕೊಂಡು ಬರುತ್ತಿದ್ದೆ. ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಶಾಸನ 1007ರದು. ಅದನ್ನು ಓದಲು ಹಳಗನ್ನಡ ಬರಬೇಕು, ಲಿಪಿ ಗೊತ್ತಿರಬೇಕು. ಪ್ರಾರ್ಥನೆ ಮಾಡಿ ಓದಲು ಬರುವುದಿಲ್ಲ. ಒಬ್ಬ ತಪ್ಪು ಓದಿದರೆ ಲಿಪಿ ಬಲ್ಲ ಇನ್ನೊಬ್ಬ ತಿದ್ದುತ್ತಾನೆ.

ಸ್ಮಿತ್ ಓದಿದ್ದನ್ನೂ ಹೀಗೆ ತಿದ್ದಿ ನೋಡಲು ಒಂದು ಅವಕಾಶ ಸಿಕ್ಕಿತು. 1835ರಲ್ಲಿ ಅವರ ಸಭೆಯವರು ಈಜಿಪ್ಟಿನ ಕೆಲವು ಮಮ್ಮಿಗಳನ್ನೂ ಪಪೈರಸ್ ಎಂಬ ಜೊಂಡಿನ ಹಾಳೆಯ ಬರಹದ ಸುರುಳಿಗಳನ್ನೂ ಕೊಂಡರು. ಅವುಗಳಲ್ಲಿ ಬೈಬಲ್ಲಿನ ಮೂಲಪುರುಷ ಅಬ್ರಹಾಮನ ಬರಹವಿದೆ ಎಂದು ಸ್ಮಿತ್ ಹೇಳಿದ, ಅನುವಾದವನ್ನೂ ಕೊಟ್ಟ. ಇವತ್ತಿಗೂ ಅದು ಅವರಿಗೆ ಪವಿತ್ರ ಗ್ರಂಥ. ಆಗ ಅಮೆರಿಕದಲ್ಲಿ ಆ ಲಿಪಿ ಬಲ್ಲವರು ಇರಲಿಲ್ಲ ಅಂದರೂ ನಡೆದೀತು. ಸುರುಳಿಗಳು ಸುಟ್ಟುಹೋದವು ಅಂತಲೇ ಜನ ತಿಳಿದಿದ್ದರು. 1967ರಲ್ಲಿ ನ್ಯೂಯಾರ್ಕಿನ ಒಂದು ಮ್ಯೂಸಿಯಂನಿಂದ ಕೆಲವು ತುಣುಕುಗಳು ಸಭೆಯ ಕೈಗೆ ತಿರುಗಿ ಬಂದವು. ಲಿಪಿ ಬಲ್ಲವರು ಓದಿದರು. ಸತ್ತವರ ಜೊತೆ ಇಡುವ ಈಜಿಪ್ಟಿನ ಮಂತ್ರಗಳು ಅವು. ಅಬ್ರಹಾಮನ ಹೆಸರೇ ಇಲ್ಲ. ಆ ತುಣುಕುಗಳಿಗೂ ಸ್ಮಿತ್‌ನ ಅನುವಾದಕ್ಕೂ ತಾಳೆಯಾಗುವುದಿಲ್ಲ ಎಂದು 2014ರಲ್ಲಿ ಅವರ ಸಭೆಯೇ ಬರೆದು ಒಪ್ಪಿಕೊಂಡಿದೆ. ಅಬ್ರಹಾಮನ ಭಾಗ ಕಳೆದುಹೋದ ಸುರುಳಿಯಲ್ಲಿ ಇತ್ತೇನೋ ಅಂತ ಅವರಲ್ಲಿ ಕೆಲವರು ಹೇಳುತ್ತಾರೆ. ಸುರುಳಿ ಬರೀ ನೆಪ, ಮಾತು ದೇವರಿಂದಲೇ ಬಂತು ಅಂತ ಇನ್ನು ಕೆಲವರು. ಅದನ್ನೂ ಕೇಳಿಸಿಕೋ. ನನ್ನ ಮನಸ್ಸಿಗೆ ಅದು ಒಪ್ಪಲಿಲ್ಲ.

ಮಾರ್ಮನ್ ಗ್ರಂಥದಲ್ಲಿ ಆ ಕಾಲದ ಅಮೆರಿಕದಲ್ಲಿ ಕುದುರೆ, ಉಕ್ಕು, ಗೋಧಿ ಇದ್ದವು ಅಂತಿದೆ. ಕುದುರೆಯನ್ನು ಅಲ್ಲಿಗೆ ತಂದವರು ಸ್ಪೇನಿನವರು. ಅಲ್ಲಿ ಮೊದಲಿದ್ದ ಕುದುರೆಗಳು ಅಷ್ಟರಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಅಳಿದಿದ್ದವು. ಇಷ್ಟು ಸಾಕು, ಉಳಿದದ್ದನ್ನು ನೀನೇ ಹುಡುಕು.

ಇದೇ ತಕ್ಕಡಿಯನ್ನು ನಮ್ಮ ಸತ್ಯವೇದಕ್ಕೂ, ಬೈಬಲ್ಲಿಗೂ, ಹಿಡಿ. ಹಿಡಿಯದಿದ್ದರೆ ಅದು ನ್ಯಾಯವಲ್ಲ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಪತಿ ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಯೇಸು ಒಬ್ಬ ಕುರುಡನನ್ನು ಕಣ್ಣು ತೊಳೆಯಲು ಕಳಿಸಿದ ಯೆರೂಸಲೇಮಿನ ಸಿಲೋವ ಕೊಳದ ಮೆಟ್ಟಿಲುಗಳು 2004ರಲ್ಲಿ ಕಂಡವು. ಊರು ಇದೆ, ಕೊಳ ಇದೆ, ಅಧಿಪತಿ ಇದ್ದ. ಅಷ್ಟರಿಂದ ಯೇಸು ಮೂರನೇ ದಿನ ಎದ್ದ ಅಂತ ರುಜುವಾತು ಆಗುವುದಿಲ್ಲ. ಅದನ್ನು ನಾನು ನಂಬುತ್ತೇನೆ. ನಂಬುತ್ತೇನೆ ಅಂತಲೇ ಹೇಳುತ್ತೇನೆ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟ ಇಸ್ರಾಯೇಲರ ಸಂಖ್ಯೆ, ಅವರ ಮುಂದೆ ಕುಸಿದುಬಿತ್ತು ಅನ್ನುವ ಯೆರಿಕೋವಿನ ಗೋಡೆ, ಇವುಗಳ ಬಗ್ಗೆ ನನಗೂ ಪ್ರಶ್ನೆಗಳಿವೆ. ಕೇಳುತ್ತಲೇ ಇದ್ದೇನೆ. ಅಪೊಸ್ತಲ ಪೌಲನೇ ಬಂದು ಬೋಧಿಸಿದರೂ ಬೆರೋಯದ ಜನ ದಿನಾಲೂ ಗ್ರಂಥ ಬಿಡಿಸಿ ಪರೀಕ್ಷಿಸಿದರು ಅಂತ ಸತ್ಯವೇದದ ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಇದೆ. ಅವರನ್ನು ಅಲ್ಲಿ ಹೊಗಳಿದ್ದಾರೆ, ಬೈದಿಲ್ಲ.

ನಿಮ್ಮ ಸಭಾಪಾಲಕರ 'ಮಾತೇ ಬೇಡ' ಅನ್ನುವ ಮಾತು ನನಗೆ ನೋವು ಕೊಟ್ಟಿತು. ನಿನಗೆ ಡೆಂಗೀ ಆದಾಗ ನಮ್ಮವರು ಯಾರೂ ಬಂದಿರಲಿಲ್ಲ. ಆ ಹುಡುಗರು ಬಂದರು. ಮನೆ ಬಿಟ್ಟು ಎರಡು ವರ್ಷ ಸಂಬಳವಿಲ್ಲದೆ ಪರಊರಿನಲ್ಲಿ ತಿರುಗುವ ಹುಡುಗರು ಅವರು. ಅವರ ಗಂಜಿ ನಿಜ. ಅದಕ್ಕೆ ಋಣಿಯಾಗಿರು. ಆದರೆ ಗಂಜಿಯ ಋಣ ತೀರಿಸಲು ಅಂತ ದೀಕ್ಷಾಸ್ನಾನ ತಗೋಬೇಡ.

ಗೊತ್ತು ಮಾಡಿದ ದಿನವನ್ನು ಮೊದಲು ಮುಂದಕ್ಕೆ ಹಾಕು. 'ನನಗೆ ಒಂದು ವರ್ಷ ಬೇಕು' ಅಂತ ನೇರವಾಗಿ ಹೇಳು. ಆ ಪಪೈರಸ್ ವಿಷಯವನ್ನು ಅವರ ಎದುರಿಗೇ ಕೇಳು, ಜಗಳಕ್ಕಲ್ಲ. ಮಾರ್ಮನ್ ಗ್ರಂಥವನ್ನು ಅವರು ಗುರುತು ಹಾಕಿಕೊಟ್ಟ ವಚನಗಳಷ್ಟೇ ಓದಬೇಡ, ಮೊದಲಿನಿಂದ ಕೊನೆಯವರೆಗೆ ಓದು. ಯೋಹಾನನ ಸುವಾರ್ತೆಯನ್ನೂ ಹಾಗೆಯೇ ಓದು. ವರ್ಷದ ಕೊನೆಗೂ ನಿನಗೆ ಅದೇ ಸತ್ಯ ಅನಿಸಿದರೆ ನನಗೆ ದುಃಖವಾಗುತ್ತದೆ, ಮುಚ್ಚಿಡುವುದಿಲ್ಲ. ಆದರೂ ನಮ್ಮ ಮುತ್ತಜ್ಜನಿಗೆ ಅವನ ಅಣ್ಣಂದಿರು ಮಾಡಿದ್ದನ್ನು ನಾನು ನಿನಗೆ ಮಾಡುವುದಿಲ್ಲ. ನಿನ್ನ ಅವ್ವನೂ ಮಾಡಬಾರದು. ಈ ಪುಟವನ್ನು ಅವಳಿಗೆ ಓದಿ ಹೇಳು.

ಚಹಾ ಬಿಡುವ ನೇಮ ಸೇರಿದವರಿಗೆ. ನೀನು ಇನ್ನೂ ಸೇರಿಲ್ಲ. ಕುಡಿಯಲು ಮನಸ್ಸು ಒಪ್ಪದಿದ್ದರೆ ಸುಮ್ನೆ ಬೇಡ ಅಂದು ಎದ್ದು ಹೋಗಬೇಡ. 'ಅವ್ವಾ, ಒಂದು ಲೋಟ ಮಜ್ಜಿಗೆ ಕೊಡು' ಅಂತ ಅಡುಗೆಮನೆಯಲ್ಲೇ ಕೂತು ಕುಡಿ. ಕ್ರಿಸ್‌ಮಸ್‌ಗೆ ಊರಿಗೆ ಬರುವಾಗ ಆ ಗೆಳೆಯನನ್ನೂ ಕರೆದುಕೊಂಡು ಬಾ. ನಿನ್ನ ಮಗನಿಗೆ ಗಂಜಿ ತಂದುಕೊಟ್ಟವರ ಸಭೆಯವನೇ ಇವನು ಅಂತ ಅವ್ವನಿಗೆ ಹೇಳು. ಅವಳು ಅವನಿಗೆ ಏನು ಬಡಿಸುತ್ತಾಳೆ ನೋಡು, ಮತ್ತೆ ನನಗೆ ಬರೆ.