ಆಮೇಲೆ ತಿದ್ದಿದರೆ ಸಾಕಲ್ವಾ?

ನೀವು ಕೇಳಿದ ಪ್ರಶ್ನೆ ಇದು: "ಸುದ್ದಿಯಲ್ಲಿ ಪ್ರತಿಯೊಂದೂ ನಿಜವೇ ಆಗಿರಬೇಕಾ? ಎಲ್ಲರಿಗಿಂತ ಮೊದಲು ಕೊಟ್ಟು, ತಪ್ಪಿದ್ದರೆ ಆಮೇಲೆ ತಿದ್ದಿದರೆ ಸಾಕಲ್ವಾ?"

ಸಾಕಾಗುವುದಿಲ್ಲ. ಗಂಗಾವತಿ ಕಡೆ ಹದಿನಾರು ವರ್ಷದಿಂದ ತಾಲ್ಲೂಕು ವರದಿಗಾರನಾಗಿದ್ದೇನೆ. ಇದನ್ನು ನಾನೇ ತಪ್ಪು ಮಾಡಿ ಕಲಿತೆ.

ಮಳೆಗಾಲ ಬಂತೆಂದರೆ ನಮ್ಮ ಕಡೆ ಪೇಪರಿನಲ್ಲಿ ಜನ ಮೊದಲು ಹುಡುಕುವುದು ತುಂಗಭದ್ರಾ ಡ್ಯಾಂ ನೀರಿನ ಲೆಕ್ಕ. ಎಷ್ಟು ಅಡಿ, ಎಷ್ಟು ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಒಳಹರಿವು ಎಷ್ಟು, ಹೊರಹರಿವು ಎಷ್ಟು. 1633 ಅಡಿ ಅಂದರೆ ಡ್ಯಾಂ ಭರ್ತಿ ಅಂತ ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಕೊಪ್ಪಳ, ರಾಯಚೂರು ಜಿಲ್ಲೆಗಳ ಭತ್ತದ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆ ನಂಬಿಕೊಂಡಿವೆ. ಆ ಕಾಲುವೆಗೆ ಯಾವ ತಾರೀಖಿನವರೆಗೆ ನೀರು ಅನ್ನುವುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನವಾಗುತ್ತದೆ. ಎರಡನೇ ಬೆಳೆಗೆ ಭತ್ತ ಹಚ್ಚಬೇಕೋ, ಜೋಳ ಕಡಲೆ ಬಿತ್ತಬೇಕೋ ಅಂತ ರೈತರು ಲೆಕ್ಕ ಹಾಕುವುದು ಆ ತಾರೀಖಿನ ಮೇಲೆ.

ಒಂದು ವರ್ಷ ಸಭೆ ಮುಗಿಯುವ ಮೊದಲೇ, ಒಳಗಿದ್ದವರೊಬ್ಬರು ಕಳಿಸಿದ ಮೆಸೇಜ್ ನಂಬಿ "ಏಪ್ರಿಲ್ 10ರವರೆಗೆ ನೀರು" ಅಂತ ಬರೆದು ಕಳಿಸಿದೆ. ಬೇರೆ ಯಾರಿಗೂ ಸಿಗದ ಸುದ್ದಿ ನನಗೆ ಸಿಕ್ಕಿತು ಅನ್ನುವ ಖುಷಿ ಬೇರೆ. ಸಭೆಯಲ್ಲಿ ಆ ಮಾತು ಬಂದದ್ದು ಹೌದು. ಆದರೆ ಕೊನೆಗೆ ಆದ ತೀರ್ಮಾನ ಮಾರ್ಚ್ 31. ಮರುದಿನ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರು. ನಾನು ಅದನ್ನು ಅಲ್ಲಿಗೇ ಮರೆತೆ.

ಏಪ್ರಿಲ್‌ನಲ್ಲಿ ಕಾಲುವೆಯ ಕೊನೆ ಭಾಗದ ರೈತರೊಬ್ಬರು ಮನೆ ಹುಡುಕಿಕೊಂಡು ಬಂದರು. ಅಂಗಿ ಜೇಬಿನಿಂದ ಮಡಚಿಟ್ಟ ಪೇಪರ್ ತೆಗೆದು ನನ್ನ ಮುಂದೆ ಬಿಡಿಸಿದರು. ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿತ್ತು. ತಾರೀಖಿನ ಕೆಳಗೆ ನೀಲಿ ಪೆನ್ನಿನ ಗೆರೆ ಇತ್ತು. "ಸರ, ಇದನ್ನ ನೀವ ಬರದದ್ದಲ್ಲಾ?" ಅಂತ ಕೇಳಿದರು. ಇನ್ನೂ ಹತ್ತು ದಿನ ನೀರಿದೆ ಅಂತ ನಾಟಿ ತಡ ಮಾಡಿದ್ದರು. ಕಾಳು ಕಟ್ಟುವ ಹೊತ್ತಿಗೆ ಗದ್ದೆ ಬಿರುಕು ಬಿಟ್ಟಿತ್ತು. ನಾಲ್ಕು ಎಕರೆ. ಪಕ್ಕದ ಹೊಲದವರು "ಮಾರ್ಚ್ 31ಕ್ಕೇ ಬಂದ್ ಮಾಡ್ತಾರ" ಅಂದಾಗ, "ಇಲ್ಲ, ಪೇಪರಿನಾಗ ಬಂದೈತಿ" ಅಂತ ಇವರು ಜಗಳ ಮಾಡಿದ್ದರಂತೆ.

ತಿದ್ದುಪಡಿ ಹಾಕಿದ್ದೆವು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಅದನ್ನು ನೋಡಿರಲಿಲ್ಲ. ಯಾಕಾದರೂ ನೋಡಬೇಕು? ಬೇಕಿದ್ದ ಸುದ್ದಿ ಜೇಬಿನಲ್ಲೇ ಇತ್ತಲ್ಲ.

ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳು ಶುರುವಾಗುವುದೇ ನಿಖರತೆಯಿಂದ. ತಪ್ಪಾದರೆ ಬೇಗ ತಿದ್ದಬೇಕು, ಓದುಗರ ಕಣ್ಣಿಗೆ ಬೀಳುವ ಹಾಗೆ ತಿದ್ದಬೇಕು ಅಂತಲೂ ಅದರಲ್ಲಿದೆ. ತಿದ್ದುವುದು ಬೇಕೇ ಬೇಕು. ಆದರೆ ತಪ್ಪು ಓದಿದವರೆಲ್ಲರನ್ನೂ ಅದು ಮುಟ್ಟುತ್ತದೆ ಅಂತ ಮಾತ್ರ ನಂಬಬೇಡಿ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಶುರುವಾಯಿತು. ಮರುವರ್ಷ ಅದು ನಮ್ಮ ಪಕ್ಕದ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು. ಆ ನೆನಪಿಗೆ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಅವತ್ತಿನ ಭಾಷಣ ಕೇಳಿದ ಹೊಸ ಹುಡುಗರು ಸತ್ಯ ಅಂದರೆ ದೊಡ್ಡ ಹಗರಣ ಬಯಲಿಗೆಳೆಯುವುದು ಅಂದುಕೊಳ್ಳುತ್ತಾರೆ. ಅದೂ ಬೇಕು, ಬಳ್ಳಾರಿ ಗಣಿಗಳನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮಂಥವರ ಕೈಗೆ ದಿನಾ ಬರುವುದು ತಾರೀಖು, ಹೆಸರು, ಅಂಕಿ. ನಾವು ಎಡವುವುದೂ ಅಲ್ಲೇ.

ಇಬ್ಬರ ಮಾತನ್ನೂ ಹಾಕಿದರೆ ಆಯ್ತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಕೊನೆ ಭಾಗಕ್ಕೆ ನೀರು ಮುಟ್ಟಿದೆ ಅಂತ ಎಂಜಿನಿಯರ್ ಹೇಳುತ್ತಾರೆ. ಇಲ್ಲ ಅಂತ ರೈತರು ಹೇಳುತ್ತಾರೆ. ಎರಡನ್ನೂ ಬರೆದು ಸುಮ್ನೆ ಕೂತರೆ ಓದುವವರಿಗೆ ಏನು ಸಿಕ್ಕಿತು? ಬೈಕ್ ಹತ್ತಿ ಹೋಗಿ ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ನೋಡಬೇಕು, ತೂಬಿನ ಹತ್ತಿರ ನಿಂತು ನೋಡಬೇಕು. ನೀರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ, ಗೇಟ್ ಕೊಚ್ಚಿಹೋಯಿತು. ಡ್ಯಾಂ ತುಂಬಿ ನಿಂತಿದ್ದ ಹೊತ್ತು. ನನ್ನ ಫೋನಿಗೆ "ಡ್ಯಾಂ ಒಡೆದಿದೆ" ಅಂತ ಒಂದರ ಮೇಲೊಂದು ಮೆಸೇಜ್ ಬಂತು. ಆಫೀಸಿನಿಂದಲೂ ಫೋನ್ ಮೇಲೆ ಫೋನ್. ಡ್ಯಾಂ ಪಕ್ಕದ ಮುನಿರಾಬಾದ್ ಕಡೆಯ ಇಬ್ಬರ ಜೊತೆ ಮಾತಾಡುವ ತನಕ ನಾನು ಒಂದಕ್ಷರ ಬರೆಯಲಿಲ್ಲ. ಸುಮಾರು ನಲವತ್ತು ನಿಮಿಷ ಹೋಯಿತು. ಆಮೇಲೆ ಬರೆದದ್ದು ಇಷ್ಟೇ: ಒಂದು ಗೇಟ್ ಹೋಗಿದೆ, ಅಣೆಕಟ್ಟು ಒಡೆದಿಲ್ಲ, ಹೊಳೆಗೆ ನೀರು ಜಾಸ್ತಿ ಬರುತ್ತದೆ.

ಬೆಳಿಗ್ಗೆ ಹೊಳೆದಂಡೆಯ ಊರಿಗೆ ಹೋದೆ. ಒಬ್ಬ ಅಜ್ಜಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಸಿಗೆ ಗಂಟಿನ ಮೇಲೆ ಕೂತಿದ್ದರು. ರಾತ್ರಿಯಿಡೀ ಹಾಗೇ ಕೂತಿದ್ದರಂತೆ. ರೇಷನ್ ಕಾರ್ಡು ಸೆರಗಿನ ತುದಿಯಲ್ಲಿ ಗಂಟು ಹಾಕಿತ್ತು. ಅದೇ ಊರಿನ ಇನ್ನೊಂದು ಓಣಿಯವರು ಗೇಟ್ ಮಾತ್ರ ಹೋಗಿದೆ ಅಂತ ತಿಳಿದು, ಹೊಳೆಗೆ ಇಳಿಸಿದ್ದ ಪಂಪ್‌ಸೆಟ್ ಮೋಟರುಗಳನ್ನು ಮೇಲಕ್ಕೆ ಎಳೆದುಕೊಂಡು, ಮನೆಗೆ ಬಂದು ಮಲಗಿದ್ದರು.

ಅವತ್ತು ಪೇಪರ್ ಮಡಚಿ ತಂದಿದ್ದ ಆ ರೈತರು ಈಗಲೂ ನನಗೆ ಫೋನ್ ಮಾಡುತ್ತಾರೆ. ಸಿಟ್ಟು ಇಟ್ಟುಕೊಂಡಿಲ್ಲ. ಆದರೆ ನೀರಿನ ತಾರೀಖು ಪೇಪರಿನಲ್ಲಿ ಬಂದ ದಿನ ಬೆಳಿಗ್ಗೆಯೇ ಅವರ ಫೋನ್ ಬರುತ್ತದೆ. "ಸರ, ಈ ಸಲ ಖರೇನಾ?" ಅಂತ ಕೇಳುತ್ತಾರೆ. ನಾನು ಹೌದು ಅಂದ ಮೇಲೆಯೇ ಸಸಿ ಮಡಿಗೆ ಬೀಜ ನೆನೆ ಹಾಕುತ್ತಾರೆ.