ಕುಂಡದ ಗಿಡಗಳನ್ನು ಟೈಮರ್ ಇರುವ ಹನಿ ನೀರಾವರಿಗೆ ಒಪ್ಪಿಸಿ ಹತ್ತು ದಿನ ಮನೆಯಿಂದ ದೂರವಿರಬಹುದೇ?

ಬಿಸಿಲು ಬೀಳುವ ಬಾಲ್ಕನಿಯಲ್ಲಿ ಸುಮಾರು 20 ಕುಂಡಗಳಿವೆ, ಆಗಾಗ 10 ದಿನಗಳ ಮಟ್ಟಿಗೆ ಮನೆ ಬಿಟ್ಟು ಹೋಗಬೇಕಾಗುತ್ತದೆ, ಟೈಮರ್ ಇರುವ ಹನಿ ನೀರಾವರಿ ಕಿಟ್ಟನ್ನು ನಂಬಬಹುದೇ, ನಂಬುವುದಾದರೆ ದಿನಕ್ಕೆ ಎಷ್ಟು ನಿಮಿಷ ನೀರು ಬಿಡಬೇಕು ಎಂದು ನೀವು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು; ನನ್ನ ಕುಂಡಗಳಿಗೆ ಹಲವು ವರ್ಷಗಳಿಂದ ನೀರುಣಿಸುತ್ತಿರುವುದು ಇಂತಹದೇ ವ್ಯವಸ್ಥೆ. ಎರಡನೆಯ ಪ್ರಶ್ನೆಗೆ ಮಾತ್ರ ನಿಮಿಷಗಳಲ್ಲಿ ಉತ್ತರ ಹೇಳಲು ಬರುವುದಿಲ್ಲ. ಟೈಮರ್‌ಗೆ ತಿಳಿಯುವುದು ಗಂಟೆ ಎಷ್ಟಾಯಿತು ಎಂಬುದಷ್ಟೇ, ಗಿಡಕ್ಕೆ ಬೇಕಾದದ್ದು ಇಷ್ಟು ಮಿಲಿಲೀಟರ್ ನೀರು. ಈ ಎರಡರ ನಡುವಿನ ಲೆಕ್ಕವನ್ನು ನಾವೇ ಅಳೆದು ಮಾಡಿಕೊಡಬೇಕು. ಅಳೆಯದೆ ಅಂದಾಜಿನ ಮೇಲೆ 5 ನಿಮಿಷವೋ 10 ನಿಮಿಷವೋ ಇಟ್ಟು ಹೊರಟರೆ, ಹಿಂದಿರುಗುವಷ್ಟರಲ್ಲಿ ಕೆಲವು ಗಿಡಗಳು ಕೊಳೆತು, ಕೆಲವು ಒಣಗಿ, ಮಧ್ಯದ ಕೆಲವು ಮಾತ್ರ ಚೆನ್ನಾಗಿರುವ ಸಾಧ್ಯತೆಯೇ ಹೆಚ್ಚು.

ಮೊದಲು ನಿಮ್ಮ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಿ, ಏಕೆಂದರೆ ಯಾವ ಟೈಮರ್ ಕೊಳ್ಳಬೇಕು ಎಂಬುದು ಅದರ ಮೇಲೆ ನಿಂತಿದೆ. ಬಾಲ್ಕನಿಯಲ್ಲಿ ಒತ್ತಡವಿರುವ ನಲ್ಲಿ ಇದ್ದರೆ ನಲ್ಲಿಗೇ ತಿರುಗಿಸಿ ಕೂರಿಸುವ ಟೈಮರ್ ಸಾಕು. ಅದರ ಮುಂದೆ ಒಂದು ಫಿಲ್ಟರ್, ಒಂದು ಒತ್ತಡ ನಿಯಂತ್ರಕ ಇರಲಿ. ನೀರು ಸ್ವಲ್ಪವೇ ಎತ್ತರದಲ್ಲಿರುವ ತೊಟ್ಟಿಯಿಂದ ಬರುವುದಾದರೆ ಎಚ್ಚರ ಬೇಕು. 10 ಮೀಟರ್ ಎತ್ತರದ ನೀರು ಹತ್ತಿರಹತ್ತಿರ 1 ಬಾರ್ ಒತ್ತಡ ಕೊಡುತ್ತದೆ. ಎಂದರೆ 2 ಮೀಟರ್ ಮೇಲಿರುವ ತೊಟ್ಟಿಯಿಂದ ಸಿಗುವುದು 0.2 ಬಾರ್ ಮಾತ್ರ. ನಲ್ಲಿಗೆ ಹಾಕುವ ಟೈಮರ್‌ಗಳಲ್ಲಿ ಅನೇಕವು ರಬ್ಬರ್ ಪೊರೆಯ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ಕಾಂತದಿಂದ ನಡೆಯುವ ವಾಲ್ವ್) ಹೊಂದಿರುತ್ತವೆ, ಆ ವಾಲ್ವ್ ಸರಿಯಾಗಿ ತೆರೆದು ಮುಚ್ಚಲು ನೀರಿನ ಒತ್ತಡವೇ ನೆರವಾಗಬೇಕು. ಒತ್ತಡ ಕಡಿಮೆಯಿರುವಲ್ಲಿ ಬಾಲ್ ವಾಲ್ವ್ ಇರುವ ಟೈಮರನ್ನೇ ಕೇಳಿ ಪಡೆಯಿರಿ. ಅದರೊಳಗಿನ ಚಿಕ್ಕ ಮೋಟಾರು ವಾಲ್ವನ್ನು ತಾನೇ ತಿರುಗಿಸುವುದರಿಂದ ಒತ್ತಡದ ಹಂಗಿಲ್ಲ.

ನಲ್ಲಿಯೂ ತೊಟ್ಟಿಯೂ ಇಲ್ಲದಿದ್ದರೆ ಉಳಿಯುವುದು ಪಂಪಿನ ಕಿಟ್: ಒಂದು ಡ್ರಮ್, ಅದರಲ್ಲಿ ಪುಟ್ಟ ಪಂಪು, ಅಲ್ಲಿಂದ ಹೊರಡುವ ಸಣ್ಣ ಕೊಳವೆಗಳು. ಹತ್ತು ದಿನ ಬಾಗಿಲು ಹಾಕಿಕೊಂಡು ಹೋಗುವವರಿಗೆ ನಾನು ಹೇಳುವುದು ಇದನ್ನೇ, ಏಕೆಂದರೆ ಎಲ್ಲೋ ಜಾಯಿಂಟ್ ಕಳಚಿದರೂ ಸೋರುವುದು ಡ್ರಮ್ಮಿನಲ್ಲಿರುವಷ್ಟೇ ನೀರು; ನಲ್ಲಿಯಾದರೆ ಅದು ಸುರಿಯುತ್ತಲೇ ಇರುತ್ತದೆ, ಕೆಳಗಿನ ಮನೆಯವರಿಗೂ ತೊಂದರೆ. ಆದರೆ ಈ ಕಿಟ್‌ಗಳಲ್ಲಿ ಒಂದು ವಿಷಯವನ್ನು ತಪ್ಪದೆ ನೋಡಿಕೊಳ್ಳಬೇಕು. ಡ್ರಮ್ಮಿನ ನೀರಿನ ಮಟ್ಟ ಡ್ರಿಪ್ಪರ್‌ಗಳಿಗಿಂತ, ಎಂದರೆ ಕುಂಡಕ್ಕೆ ಹನಿ ಬಿಡುವ ತುದಿಗಳಿಗಿಂತ, ಮೇಲಿದ್ದರೆ, ಪಂಪು ನಿಂತ ಮೇಲೂ ಸೈಫನ್ ಕ್ರಿಯೆಯಿಂದ ನೀರು ಹರಿಯುತ್ತಲೇ ಇರುತ್ತದೆ. ಟೈಮರ್ ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ ಎಂದು ಕಾಣುತ್ತಿರುವಾಗಲೇ ಇಡೀ ಡ್ರಮ್ ಖಾಲಿಯಾಗಿ, ಕೆಳಗಿನ ಸಾಲಿನ ಕುಂಡಗಳು ಕೆಸರಾಗಿಬಿಡುತ್ತವೆ. ಡ್ರಮ್ಮನ್ನು ನೆಲದ ಮೇಲಿಟ್ಟು, ಕುಂಡಗಳನ್ನು ಅದರ ನೀರಿನ ಮಟ್ಟಕ್ಕಿಂತ ಮೇಲೆ ಬೆಂಚಿನ ಮೇಲೋ ಸ್ಟ್ಯಾಂಡಿನ ಮೇಲೋ ಇಡುವುದು ಸರಳ ಪರಿಹಾರ. ಅದಾಗದಿದ್ದರೆ ಸೈಫನ್ ತಡೆಯುವ ವಾಲ್ವ್ ಹಾಕಿ, ಇಲ್ಲವೇ ಡ್ರಮ್ಮಿನ ಒಳಗೇ, ತುಂಬಿದ ನೀರಿಗಿಂತ ಮೇಲಿರುವ ಜಾಗದಲ್ಲಿ ಕೊಳವೆಗೆ ಸೂಜಿಯಿಂದ ಒಂದು ಸಣ್ಣ ರಂಧ್ರ ಮಾಡಿ. ಪಂಪು ಓಡುವಾಗ ಅಲ್ಲಿಂದ ಚಿಮ್ಮುವ ಚೂರು ನೀರು ಡ್ರಮ್ಮಿಗೇ ಬೀಳುತ್ತದೆ, ಪಂಪು ನಿಂತಾಗ ಅದೇ ರಂಧ್ರದಿಂದ ಗಾಳಿ ಒಳಹೊಕ್ಕು ಹರಿವು ತುಂಡಾಗುತ್ತದೆ.

ಇನ್ನು ಡ್ರಿಪ್ಪರ್. ಕೊಳವೆಗೆ ಪಿನ್ನಿನಿಂದ ತೂತು ಮಾಡಿದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು; ಹನಿಯಾಗಿ ಬೀಳುವಷ್ಟು ಚಿಕ್ಕ ತೂತು ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳದಷ್ಟು ದೊಡ್ಡ ತೂತಿನಿಂದ ನೀರು ಧಾರೆಯಾಗಿ ಸುರಿಯುತ್ತದೆ. ಇಸ್ರೇಲಿನ ಎಂಜಿನಿಯರ್ ಸಿಮ್ಖಾ ಬ್ಲಾಸ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ನೀರನ್ನು ತೂತಿನಿಂದ ತಡೆಯುವ ಬದಲು ಉದ್ದವಾದ ಇಕ್ಕಟ್ಟಿನ ದಾರಿಯಲ್ಲಿ ಸಾಗಿಸಿ ಅದರ ವೇಗವನ್ನು ತಗ್ಗಿಸುವ ಉಪಾಯ ಅವರದು. 1965ರಲ್ಲಿ ಹತ್ಸೆರಿಮ್ ಎಂಬ ಕಿಬುತ್ಸ್‌ನೊಂದಿಗೆ (ಇಸ್ರೇಲಿನ ಸಾಮೂಹಿಕ ಬೇಸಾಯದ ಹಳ್ಳಿ) ಸೇರಿ ಆರಂಭವಾದ ನೆಟಾಫಿಮ್ ಸಂಸ್ಥೆ ಇದನ್ನು ಜಗತ್ತಿನ ಹೊಲಗಳಿಗೆ ಕೊಂಡೊಯ್ದಿತು. ಇಂದಿನ ಡ್ರಿಪ್ಪರನ್ನು ಬಿಚ್ಚಿ ನೋಡಿದರೆ ಆ ದಾರಿ ಅಂಕುಡೊಂಕಾದ ಹಲ್ಲುಗಳ ಸಾಲಾಗಿ ಕಾಣಿಸುತ್ತದೆ. ಗಂಟೆಗೆ 2, 4 ಮತ್ತು 8 ಲೀಟರ್ ಹರಿವಿನವು ಸಾಮಾನ್ಯವಾಗಿ ಸಿಗುತ್ತವೆ. ಕುಂಡಗಳಿಗೆ 2 ಲೀಟರಿನವೇ ಹಿತ. ತಲೆಯನ್ನು ತಿರುಗಿಸಿ ಹರಿವನ್ನು ಹೆಚ್ಚು ಕಡಿಮೆ ಮಾಡುವ ಡ್ರಿಪ್ಪರ್‌ಗಳು ನೋಡಲು ಅನುಕೂಲವೆನಿಸಿದರೂ ನಾನು ಅವುಗಳನ್ನು ಬಳಸುವುದಿಲ್ಲ, ಬಳಸಿ ಎಂದು ಹೇಳುವುದೂ ಇಲ್ಲ. 20 ತಲೆಗಳನ್ನು ಒಂದೇ ಸಮಕ್ಕೆ ತರುವುದು ಬಹಳ ಕಷ್ಟ. ಒಂದನ್ನು ತುಸು ಬಿಗಿಗೊಳಿಸಿದರೆ ಉಳಿದವುಗಳ ಹರಿವು ಬದಲಾಗುತ್ತದೆ. ಹರಿವು ನಿಗದಿಯಾಗಿರುವ ಡ್ರಿಪ್ಪರ್‌ಗಳನ್ನೇ ಕೊಂಡು, ಹೆಚ್ಚು ನೀರು ಬೇಕಾದ ಕುಂಡಕ್ಕೆ ಎರಡು, ಮೂರು ಹಾಕುವುದು ಲೆಕ್ಕಕ್ಕೂ ಸುಲಭ, ನಂಬಿಕೆಗೂ ಯೋಗ್ಯ.

ಪೊಟ್ಟಣದ ಮೇಲೆ ಬರೆದಿರುವ ಹರಿವು ಸಾಮಾನ್ಯವಾಗಿ 1 ಬಾರ್ ಒತ್ತಡಕ್ಕೆ ಹೇಳಿದ್ದು. ಸಾಧಾರಣ ಡ್ರಿಪ್ಪರಿನಲ್ಲಿ ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಇಳಿಯುತ್ತದೆ. ಒತ್ತಡ ಕಾಲು ಭಾಗಕ್ಕೆ ಬಂದರೆ ಹರಿವು ಅರ್ಧವಾಗುತ್ತದೆ. ಒತ್ತಡ ಏರಿಳಿದರೂ ಸಮನಾದ ಹರಿವು ಕೊಡುವ ಡ್ರಿಪ್ಪರ್‌ಗಳೂ ಇವೆ, ಆದರೆ ಅವು ಕೆಲಸ ಆರಂಭಿಸಲು ಒಂದು ಕನಿಷ್ಠ ಒತ್ತಡ ಬೇಕು. ಆದ್ದರಿಂದ ಅವು ನಲ್ಲಿಗೆ ಸರಿ, ತಗ್ಗಿನ ತೊಟ್ಟಿಗೆ ಸರಿಯಲ್ಲ. ಹೀಗಾಗಿ ಮುದ್ರಿತ ಅಂಕಿಯನ್ನು ಬಿಟ್ಟು ನೀವೇ ಅಳೆಯುವುದು ಅಗತ್ಯ. ಪೈಪನ್ನು ಪೂರ್ತಿ ಜೋಡಿಸಿದ ಮೇಲೆ, ಕುಂಡದೊಳಗೆ ಚುಚ್ಚುವ ಮೊದಲು, ಪ್ರತಿಯೊಂದು ಡ್ರಿಪ್ಪರನ್ನೂ ಒಂದೊಂದು ಖಾಲಿ ಬಾಟಲಿಯ ಬಾಯಿಗೆ ಇಳಿಬಿಡಿ. ಬಾಟಲಿ ಇರುವ ಎತ್ತರ ಕುಂಡದ ಎತ್ತರಕ್ಕೆ ಸಮನಾಗಿರಲಿ, ಏಕೆಂದರೆ ಕಡಿಮೆ ಒತ್ತಡದ ವ್ಯವಸ್ಥೆಯಲ್ಲಿ ಒಂದು ಅಡಿಯ ವ್ಯತ್ಯಾಸವೂ ಹರಿವನ್ನು ಬದಲಿಸುತ್ತದೆ. ಪೈಪಿನಲ್ಲಿರುವ ಗಾಳಿ ಹೊರಟುಹೋಗುವವರೆಗೆ ನೀರು ಬಿಟ್ಟು, ಬಾಟಲಿಗಳನ್ನು ಖಾಲಿ ಮಾಡಿ, ನಂತರ ಸರಿಯಾಗಿ 6 ನಿಮಿಷ ಓಡಿಸಿ. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಹೇಳಿದಂತೆ ನಡೆದರೆ ಬಾಟಲಿಯಲ್ಲಿ 200 ಮಿಲಿಲೀಟರ್ ಇರಬೇಕು. ಪಂಪಿನ ಬಳಿಯ ಬಾಟಲಿಯಲ್ಲಿ 200 ಇದ್ದು, ಸಾಲಿನ ಕೊನೆಯದರಲ್ಲಿ 110 ಇದ್ದರೆ ಆಶ್ಚರ್ಯಪಡಬೇಡಿ. 4 ಮಿಲಿಮೀಟರಿನ ಸಣ್ಣ ಕೊಳವೆಯಲ್ಲೇ ಎಲ್ಲ ಕುಂಡಗಳನ್ನೂ ಒಂದರ ಹಿಂದೆ ಒಂದರಂತೆ ಪೋಣಿಸಿದಾಗ ಆಗುವುದು ಹೀಗೆಯೇ. ಮುಖ್ಯ ಸಾಲಿಗೆ 16 ಮಿಲಿಮೀಟರಿನ ಪೈಪು ಹಾಕಿ, ಅದರಿಂದ ಪ್ರತಿ ಕುಂಡಕ್ಕೂ ಗಿಡ್ಡನೆಯ ಸಣ್ಣ ಕೊಳವೆಯನ್ನು ಕವಲೊಡೆಸಿದರೆ ಈ ಅಂತರ ಬಹುಮಟ್ಟಿಗೆ ಅಳಿಯುತ್ತದೆ. ಆದರೂ ಉಳಿದ ವ್ಯತ್ಯಾಸವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ಕಡಿಮೆ ಬರುವ ತುದಿಗೆ ಕಡಿಮೆ ನೀರು ಬೇಡುವ ಗಿಡವನ್ನೇ ಇಡಿ.

ಗಿಡಕ್ಕೆ ಎಷ್ಟು ಬೇಕು ಎಂಬುದನ್ನು ತಿಳಿಯಲು ಹೊರಡುವ ಮುಂಚಿನ ವಾರವನ್ನು ಬಳಸಿಕೊಳ್ಳಿ. ಕುಂಡದ ತಟ್ಟೆಗೆ ತುಸು ನೀರು ಇಳಿಯುವವರೆಗೆ, ಎಂದರೆ ಹಾಕಿದ್ದರಲ್ಲಿ ಹತ್ತನೆಯ ಒಂದು ಭಾಗದಷ್ಟು ಹೊರಬರುವವರೆಗೆ, ಅಳತೆಯ ಲೋಟದಿಂದ ನೀರು ಹಾಕಿ; ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಹಂತಕ್ಕೆ ತರಲು ಎಷ್ಟು ಬೇಕಾಯಿತು ಎಂದು ನೋಡಿ. ಅದೇ ಆ ಗಿಡದ ಒಂದು ದಿನದ ಪಾಲು. ಹಣ್ಣು ಬಿಡುತ್ತಿರುವ ಟೊಮೇಟೊ ಗಿಡ ಪಕ್ಕದ ಗುಲಾಬಿಗಿಂತ ಎಷ್ಟೋ ಹೆಚ್ಚು ಕುಡಿಯುವುದನ್ನು ಆಗ ಕಣ್ಣಾರೆ ಕಾಣುತ್ತೀರಿ. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆವಿಯಾಗುವುದರಿಂದ ಒಂದೇ ಜಾತಿಯ ಗಿಡ ಪ್ಲಾಸ್ಟಿಕ್ ಕುಂಡದಲ್ಲಿದ್ದಾಗ ಕಡಿಮೆ ಬೇಡುತ್ತದೆ. ಈ ಅಂಕಿಗಳ ಪ್ರಕಾರ ಗಿಡಗಳನ್ನು ಗುಂಪು ಮಾಡಿ ಡ್ರಿಪ್ಪರ್‌ಗಳ ಸಂಖ್ಯೆಯನ್ನು ನಿರ್ಧರಿಸಿ. ಲೋಳೆಸರ, ಕಳ್ಳಿ ಮುಂತಾದವನ್ನು ಈ ಸಾಲಿಗೆ ಸೇರಿಸಲೇಬೇಡಿ. 10 ದಿನ ನೀರಿಲ್ಲದಿದ್ದರೆ ಅವುಗಳಿಗೆ ಏನೂ ಆಗುವುದಿಲ್ಲ, ದಿನವೂ ನೀರು ಬಿದ್ದರೆ ಬೇರು ಕೊಳೆಯುತ್ತದೆ.

ಹೊಲದ ಅನುಭವ ಕುಂಡಕ್ಕೆ ಹೊಂದದ ಒಂದು ಮಾತನ್ನು ಇಲ್ಲಿ ಹೇಳಬೇಕು. ಜಿಗುಟು ಮಣ್ಣಿನ ನೆಲದಲ್ಲಿ ಒಂದೇ ಕಡೆ ಬಿದ್ದ ಹನಿ ಅಕ್ಕಪಕ್ಕಕ್ಕೂ ಹರಡುತ್ತದೆ. ಕುಂಡದ ಮಿಶ್ರಣ ಸಡಿಲವಾಗಿ, ಗಾಳಿಯಾಡುವಂತೆ ಇರುವುದರಿಂದ ನೀರು ಹೆಚ್ಚು ಹರಡದೆ ನೇರ ಕೆಳಗಿಳಿದು ತಟ್ಟೆ ಸೇರುತ್ತದೆ. ತಟ್ಟೆಯಲ್ಲಿ ನೀರು ಕಂಡು ಕುಂಡವೆಲ್ಲ ನೆನೆದಿದೆ ಎಂದುಕೊಳ್ಳುತ್ತೇವೆ, ಆದರೆ ಡ್ರಿಪ್ಪರಿನ ಎದುರು ಬದಿಯಲ್ಲಿ ಬೆರಳು ಇಳಿಸಿದರೆ ಒಣ ಪುಡಿ ಅಂಟುತ್ತದೆ. ಪೀಟ್ ಮಾಸ್ (ಜೌಗು ನೆಲದಿಂದ ತೆಗೆದ ಕೊಳೆತ ಹಾವಸೆ) ಹೆಚ್ಚಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ನೀರನ್ನೇ ಹಿಮ್ಮೆಟ್ಟಿಸುತ್ತದೆ, ಬಿದ್ದದ್ದೆಲ್ಲ ಆ ಸಂದಿಯಿಂದ ಹೊರಟುಹೋಗುತ್ತದೆ; ತೆಂಗಿನ ನಾರಿನ ಪುಡಿಯಲ್ಲಿ ಈ ತೊಂದರೆ ಕಡಿಮೆ. ಆದುದರಿಂದ ಒಂದು ಅಡಿ ಅಗಲದ ಕುಂಡಕ್ಕೆ ಎದುರುಬದುರಾಗಿ ಎರಡು ಡ್ರಿಪ್ಪರ್‌ಗಳಾದರೂ ಇರಲಿ, ವ್ಯವಸ್ಥೆಯನ್ನು ಮೊದಲ ಸಲ ಆರಂಭಿಸುವ ಮುನ್ನ ಕೈಯಿಂದಲೇ ನೀರು ಹಾಕಿ ಮಣ್ಣನ್ನು ಪೂರ್ತಿ ನೆನೆಸಿ, ದಿನದ ಪಾಲನ್ನು ಒಂದೇ ಸಲಕ್ಕೆ ಸುರಿಯುವ ಬದಲು ಬೆಳಗಿನ ಜಾವ ಎರಡು ಕಂತುಗಳಲ್ಲಿ, ನಡುವೆ ಅರ್ಧ ಗಂಟೆ ಬಿಟ್ಟು ಕೊಡಿ. ಮೊದಲ ಕಂತು ಮೇಲ್ಮಣ್ಣನ್ನು ಹದಗೊಳಿಸಿದರೆ ಎರಡನೆಯದನ್ನು ಮಣ್ಣು ಚೆನ್ನಾಗಿ ಹೀರಿಕೊಳ್ಳುತ್ತದೆ. ಟೈಮರ್ ಒಂದಕ್ಕಿಂತ ಹೆಚ್ಚು ಹೊತ್ತುಗಳನ್ನು ನಿಗದಿ ಮಾಡಲು ಬಿಡುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

ಮಣ್ಣಿನ ತೇವ ನೋಡಿ ತಾನೇ ನಿರ್ಧರಿಸುವ ಸೆನ್ಸರ್‌ಗಳ ಬಗ್ಗೆಯೂ ನೀವು ಕೇಳಿದ್ದೀರಿ. ಒಂದು ಸೆನ್ಸರ್ ಒಂದು ಕುಂಡದ ಸುದ್ದಿಯನ್ನಷ್ಟೇ ಹೇಳಬಲ್ಲದು, ಉಳಿದ 19ರ ಪರವಾಗಿ ಅದು ಮಾತನಾಡಲಾರದು. ಹಾಕುವುದಾದರೆ ಕೆಪಾಸಿಟಿವ್ ಬಗೆಯದನ್ನು, ಎಂದರೆ ಲೋಹ ಮಣ್ಣಿಗೆ ನೇರವಾಗಿ ತಾಗದಂತೆ ತೇವವನ್ನು ಅಳೆಯುವಂಥದನ್ನು, ಆರಿಸಿ. ಮಣ್ಣಿನಲ್ಲಿ ವಿದ್ಯುತ್ ಹಾಯಿಸಿ ಅಳೆಯುವ ಅಗ್ಗದ ಎರಡು ಕಡ್ಡಿಗಳ ಬಗೆಯದು ಬೇಗ ತುಕ್ಕು ಹಿಡಿದು ತಪ್ಪು ಹೇಳತೊಡಗುತ್ತದೆ.

ಕಟ್ಟಿಕೊಳ್ಳುವಿಕೆ ಈ ವ್ಯವಸ್ಥೆಯ ದೊಡ್ಡ ಶತ್ರು. 120 ಮೆಷ್ (ಅಂಗುಲದುದ್ದಕ್ಕೆ 120 ಕಣ್ಣುಗಳ ಜರಡಿ) ಅಥವಾ ಅದಕ್ಕಿಂತ ನಯವಾದ ಫಿಲ್ಟರ್ ಇಲ್ಲದೆ ನೀರನ್ನು ಪೈಪಿಗೆ ಬಿಡಬೇಡಿ. ಬೆಳಕು ಬಿದ್ದಲ್ಲಿ ಪಾಚಿ ಕಟ್ಟುವುದರಿಂದ ಪಾರದರ್ಶಕ ಕೊಳವೆಯ ಬದಲು ಕಪ್ಪು ಕೊಳವೆಯನ್ನೇ ಬಳಸಿ, ಡ್ರಮ್ಮನ್ನು ಮುಚ್ಚಿಡಿ. ಮುಚ್ಚಿದರೆ ಸೊಳ್ಳೆಯೂ ಮೊಟ್ಟೆಯಿಡುವುದಿಲ್ಲ. ಗಡಸು ನೀರಿನಲ್ಲಿ ಡ್ರಿಪ್ಪರಿನ ಬಾಯಿಗೆ ಬಿಳಿಯ ಸುಣ್ಣ ಕೂರುತ್ತದೆ, ಅದು ವಿನೆಗರಿನಲ್ಲಿ ಕೆಲವು ಗಂಟೆ ನೆನೆಸಿದರೆ ಕರಗುತ್ತದೆ. ಡ್ರಿಪ್ಪರಿನ ತುದಿ ಮಣ್ಣಿನೊಳಗೆ ಹೂತಿರಬಾರದು. ನೀರು ನಿಂತಾಗ ಪೈಪಿನಲ್ಲಿ ಉಂಟಾಗುವ ಹಿಮ್ಮುಖ ಸೆಳೆತ ಕೆಸರನ್ನು ಒಳಗೆಳೆದುಕೊಳ್ಳುತ್ತದೆ. ಸಣ್ಣ ಕೊಳವೆಯನ್ನು ಜಾಯಿಂಟಿಗೆ ತಳ್ಳುವ ಮೊದಲು ತುದಿಯನ್ನು ಬಿಸಿನೀರಿನಲ್ಲಿ ಕ್ಷಣಕಾಲ ಅದ್ದಿದರೆ ಮೆತ್ತಗಾಗಿ ಪೂರ್ತಿ ಒಳಗೆ ಕೂರುತ್ತದೆ. ಅರ್ಧ ಕೂತ ಜಾಯಿಂಟು ಬಿಸಿಲಿಗೆ ಸಡಿಲಗೊಂಡು ಕಳಚುವುದು ನೀವು ಇಲ್ಲದ ದಿನವೇ ಆಗಬಹುದು.

ಈಗ ನಿಮ್ಮ 10 ದಿನಗಳ ಲೆಕ್ಕ. ಕುಂಡವೊಂದಕ್ಕೆ ಸರಾಸರಿ 300 ಮಿಲಿಲೀಟರ್ ಎಂದಾದರೆ 20 ಕುಂಡಗಳಿಗೆ ದಿನಕ್ಕೆ 6 ಲೀಟರ್, 10 ದಿನಕ್ಕೆ 60 ಲೀಟರ್. ಪಂಪು ಡ್ರಮ್ಮಿನ ತಳದ ಕೊನೆಯ ಕೆಲವು ಲೀಟರ್‌ಗಳನ್ನು ಎಳೆಯಲಾರದು, ಬಿಸಿಲೂ ಹೆಚ್ಚಬಹುದು. ಆದ್ದರಿಂದ 80 ಲೀಟರಿನ ಡ್ರಮ್ ಇಡಿ. ನೀರಿಲ್ಲದೆ ಒಣಗಿ ಓಡಿದರೆ ಪಂಪು ಸುಟ್ಟುಹೋಗುವುದೂ ಉಂಟು. ಹೊರಡುವ ಮೊದಲು ಹೊಸ ಬ್ಯಾಟರಿ ಹಾಕಿ. ಬ್ಯಾಟರಿ ಮುಗಿದಾಗ ವಾಲ್ವ್ ತೆರೆದಿದ್ದರೆ ತೆರೆದೇ ಉಳಿಯುವ ಟೈಮರ್‌ಗಳಿರುವುದರಿಂದ, ಚಾರ್ಜು ಕಡಿಮೆಯಾದಾಗ ತಾನಾಗಿ ಮುಚ್ಚಿಕೊಳ್ಳುವ ಸೌಲಭ್ಯ ಇದೆಯೇ ಎಂದು ಕೈಪಿಡಿಯಲ್ಲಿ ಓದಿಕೊಳ್ಳಿ. ಕುಂಡಗಳನ್ನು ಒಂದಕ್ಕೊಂದು ಹತ್ತಿರ ಸರಿಸಿ ಮಧ್ಯಾಹ್ನದ ನೆರಳು ಬೀಳುವಂತೆ ಮಾಡಿದರೆ ಬೇಡಿಕೆಯೂ ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಮನೆಯಲ್ಲಿರುವಾಗಲೇ ಒಂದು ವಾರ ಪೂರ್ತಿ ಕೈಯಿಂದ ಒಂದು ಹನಿಯನ್ನೂ ಹಾಕದೆ ವ್ಯವಸ್ಥೆಗೇ ಬಿಟ್ಟು ನೋಡಿ. ಪ್ರತಿದಿನ ಸಂಜೆ ಕುಂಡವನ್ನು ತುಸು ಎತ್ತಿದರೆ ತೂಕವೇ ಹೇಳುತ್ತದೆ: ದಿನದಿಂದ ದಿನಕ್ಕೆ ಹಗುರಾಗುತ್ತಿದ್ದರೆ ನೀರು ಸಾಲದು, ಭಾರವಾಗುತ್ತಿದ್ದರೆ ಹೆಚ್ಚಾಗಿದೆ.

ಹಿಂದಿರುಗಿದ ಮೇಲೆ ಮಣ್ಣಿನ ಮೇಲ್ಮೈಯನ್ನು ಗಮನಿಸಿ. ಡ್ರಿಪ್ಪರಿನ ಸುತ್ತ ತೇವದ ವೃತ್ತವೊಂದಿದ್ದು ಅದರ ಅಂಚಿಗೆ ಬಿಳಿಯ ಪುಡಿಯ ಗೆರೆ ಮೂಡಿದ್ದರೆ ಅದು ನೀರಿನಿಂದಲೂ ಗೊಬ್ಬರದಿಂದಲೂ ಬಂದು ಅಲ್ಲಿ ಉಳಿದ ಲವಣ. ತಿಂಗಳಿಗೊಮ್ಮೆಯಾದರೂ ಕೈಯಿಂದ ಧಾರಾಳವಾಗಿ, ತಳದಿಂದ ಚೆನ್ನಾಗಿ ಹರಿದುಹೋಗುವಂತೆ ನೀರು ಹಾಕಿ ಅದನ್ನು ತೊಳೆಯಿರಿ, ತಟ್ಟೆಗೆ ಇಳಿದ ನೀರನ್ನು ಚೆಲ್ಲಿಬಿಡಿ; ಅದೇ ದಿನ ಬಾಟಲಿಗಳನ್ನು ಮತ್ತೊಮ್ಮೆ ಹಿಡಿದು 6 ನಿಮಿಷದ ಅಳತೆಯನ್ನು ಹಳೆಯ ಕಾಗದದೊಂದಿಗೆ ಹೋಲಿಸಿ ನೋಡಿದರೆ ಯಾವ ಡ್ರಿಪ್ಪರ್ ಕಟ್ಟಿಕೊಳ್ಳತೊಡಗಿದೆ ಎಂಬುದು ಗಿಡ ಬಾಡುವ ಮೊದಲೇ ತಿಳಿಯುತ್ತದೆ.