ಬೆಲ್ಟು ಹೋದ ಟೇಪು, ನಿದ್ದೆ ಎಣಿಸುವ ಗಡಿಯಾರ

(ಶಿರಸಿ ಸೀಮೆಯ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಮನೆಯಲ್ಲಿ 1980ರ ದಶಕದ ಒಂದು ಟೂ-ಇನ್-ವನ್ ಇದೆ. ರೇಡಿಯೋ ಹಾಡುತ್ತದೆ, ಟೇಪು ತಿರುಗುವುದಿಲ್ಲ. ಜೊತೆಗೆ ಎರಡು ಡಬ್ಬಿ ಕ್ಯಾಸೆಟ್ಟುಗಳಿವೆ. ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ "ಇದನ್ನೆಲ್ಲ ಗುಜರಿಗೆ ಹಾಕು ಅಜ್ಜಾ, ಇನ್ನೈದು ವರ್ಷಕ್ಕೆ ಮೊಬೈಲೇ ಇರುವುದಿಲ್ಲ, ಎಲ್ಲ ಕನ್ನಡಕದೊಳಗೆ ಬರುತ್ತದೆ" ಎಂದಿದ್ದಾನೆ. ಇತ್ತ ಮಗ ಕೊಡಿಸಿದ ಸ್ಮಾರ್ಟ್ ವಾಚು ಬೆಳಗಾದರೆ ನಿದ್ದೆ ಸಾಲದೆಂದು ಅಂಕ ಕೊಡುತ್ತದೆ. ಆ ಅಂಕ ನೋಡಿದಾಗಿನಿಂದ ನಿಜಕ್ಕೂ ನಿದ್ದೆ ಬರುತ್ತಿಲ್ಲ. ಗುಜರಿಗೆ ಹೋಗಬೇಕಾದ್ದು ಯಾವುದು, ಟೇಪೋ ವಾಚೋ?)

ಮಾಸ್ತರರೇ,

ಎರಡನ್ನೂ ಹಾಕಬೇಡಿ. ವಾಚಿನ ವಿಚಾರಕ್ಕೆ ಅವಸರವಿಲ್ಲ, ಚಾರ್ಜು ಮಾಡದಿದ್ದರೆ ಅದು ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ಕ್ಯಾಸೆಟ್ಟಿನ ಮಾತು ಹಾಗಲ್ಲ. ಈ ಮಳೆಗಾಲದೊಳಗೆ ಏನಾದರೂ ಮಾಡಬೇಕು.

ನಿಮ್ಮ ಪತ್ರದ ಮೂರನೆಯ ಪುಟದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಆಮೇಲೆ ನೆನಪಾಗಿ ಸೇರಿಸಿದಂತೆ ಒಂದು ಸಾಲಿದೆ: "ಕ್ಯಾಸೆಟ್ಟಿನಲ್ಲಿ ಅರ್ಧ ಅಂಗಡಿಯಿಂದ ತಂದದ್ದು, ಉಳಿದದ್ದು ನಮ್ಮ ಮನೆ ಜಗಲಿಯಲ್ಲಿ ನಡೆದ ತಾಳಮದ್ದಲೆ." ಇದನ್ನು ಅಂಚಿನಲ್ಲಿ ಬರೆಯುವುದೇ? ಅಂಗಡಿಯಿಂದ ತಂದ ಭಾವಗೀತೆ, ಭಜನೆಗಳು ಮೊಮ್ಮಗನ ಮೊಬೈಲಿನಲ್ಲಿ ಕ್ಷಣಕ್ಕೆ ಸಿಗುತ್ತವೆ, ಅವುಗಳ ಚಿಂತೆ ಬಿಡಿ. ವೇಷ ಕಟ್ಟದೆ, ಕುಳಿತಲ್ಲೇ ಹಾಡು ಮತ್ತು ಮಾತಿನಲ್ಲಿ ಯಕ್ಷಗಾನದ ಕಥೆ ನಡೆಸುವ ನಿಮ್ಮ ಜಗಲಿಯ ತಾಳಮದ್ದಲೆಗೆ ಜಗತ್ತಿನಲ್ಲಿ ಇರುವುದು ಒಂದೇ ಪ್ರತಿ. ಅದೂ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಕಬ್ಬಿಣದ ತುಕ್ಕಿನ ಪುಡಿಯಲ್ಲಿ, ಶಿರಸಿಯ ಮಳೆಯಲ್ಲಿ.

ಟೇಪು ತಿರುಗದಿರಲು ಬಹುತೇಕ ಒಂದೇ ಕಾರಣ. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಒಳಗೆ ಸಣ್ಣ ಮೋಟಾರು, ಅದರಿಂದ ಒಂದು ಭಾರದ ಚಕ್ರಕ್ಕೆ ಸುತ್ತಿಕೊಂಡ ರಬ್ಬರ್ ಬೆಲ್ಟು ಕಾಣಬೇಕು. ಬೆಲ್ಟಿನ ಬದಲು ಡಾಂಬರಿನಂಥ ಕಪ್ಪು ಅಂಟು ಕಂಡರೆ ಅದೇ ನಿಮ್ಮ ಬೆಲ್ಟು. ಇಷ್ಟು ವರ್ಷ ಸುಮ್ಮನೆ ಕುಳಿತ ರಬ್ಬರು ಹಾಗೆ ಕರಗುತ್ತದೆ. ಬೆರಳಿಗೆ ಹತ್ತಿತೋ, ಹಲಸಿನ ಮೇಣದ ಹಾಗೆ, ಸೋಪಿಗೆ ಬಗ್ಗುವುದಿಲ್ಲ. ಹೊಸ ಬೆಲ್ಟು ಆನ್‌ಲೈನಿನಲ್ಲಿ ಸಿಗುತ್ತದೆ, ಹಾಕುವ ಕೈ ಸಿಗುವುದೇ ಕಷ್ಟ. ಆದರೂ ನಿಮ್ಮ ಪೇಟೆಯಲ್ಲಿ ಒಂದು ಸುತ್ತು ಹುಡುಕಿ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು ಯಾರಾದರೂ ಈಗ ಮೊಬೈಲಿನ ಒಡೆದ ಗಾಜು ಬದಲಿಸುತ್ತ ಕುಳಿತಿರುತ್ತಾರೆ. ಟೂ-ಇನ್-ವನ್ ಕಂಡರೆ ಅವರಿಗೂ ಹಳೆಯ ನೆಂಟರು ಬಂದಂತಾದೀತು.

ಬೆಲ್ಟು ಸರಿಯಾದ ಅಳತೆಯದೇ ಇರಲಿ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಸಡಿಲ ಬೆಲ್ಟಿನಿಂದ ನೂರಕ್ಕೆ ಆರರಷ್ಟು ನಿಧಾನವಾದರೂ ಸಾಕು, ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದ ಭಾಗವತರು ಅರ್ಧ ಸ್ವರ ಕೆಳಗಿನ ಬಿಳಿ ಎರಡಕ್ಕೆ ಇಳಿದಿರುತ್ತಾರೆ. ನಿಮಗೆ ಕಿವಿ ಇದೆ, ಗೊತ್ತಾಗುತ್ತದೆ. ಟೇಪಿನಿಂದ ಧ್ವನಿ ಓದುವ ಹೆಡ್ಡನ್ನು ಹತ್ತಿಯಿಂದ ಸ್ಪಿರಿಟ್ ಹಚ್ಚಿ ಒರೆಸಿ. ಮೊದಲಿಗೆ ಅಂಗಡಿಯ ಕ್ಯಾಸೆಟ್ಟೊಂದನ್ನು ಹಾಕಿ ನೋಡಿ, ಯಂತ್ರ ಟೇಪು ನುಂಗುವುದಿದ್ದರೆ ಅದನ್ನೇ ನುಂಗಲಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಬೇರೆಯಾಗಿಡಿ, ಅದನ್ನು ಹಾಕಿದ ಯಂತ್ರಕ್ಕೆ ಉಳಿದವನ್ನು ಹಾಕಿದರೆ ಬೂಷ್ಟು ಎಲ್ಲಕ್ಕೂ ಹಬ್ಬುತ್ತದೆ. ಎಲ್ಲ ಸರಿಯಿದ್ದರೆ ಇಯರ್‌ಫೋನು ಸಿಕ್ಕಿಸುವ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಎಳೆದು ಧ್ವನಿ ಇಳಿಸಿಕೊಳ್ಳುವುದು. ಅದು ಮೊಮ್ಮಗನ ಕೆಲಸ. ಗುಜರಿ ಎಂದವನು ಅವನೇ ತಾನೇ, ಮುಂದಿನ ರಜೆಯಲ್ಲಿ ಹಿಡಿದು ಕೂರಿಸಿ. ಒಂದು ಕ್ಯಾಸೆಟ್ಟಿಗೆ ಒಂದೂವರೆ ಗಂಟೆ, ಅವಸರ ಮಾಡಲು ಬರುವುದಿಲ್ಲ. ತಾಳಮದ್ದಲೆಯ ಕೌರವನ ಮಾತು ಅಷ್ಟು ಹೊತ್ತು ಅವನ ಕಿವಿಗೆ ಬಿದ್ದರೆ ನಷ್ಟವೇನಿಲ್ಲ.

ಅಂದಹಾಗೆ ಫಿಲಿಪ್ಸ್ ಕಂಪನಿ 1963ರಲ್ಲಿ ಈ ಕ್ಯಾಸೆಟ್ಟನ್ನು ಹೊರತಂದಾಗ ಅದರಿಂದ ನಿರೀಕ್ಷಿಸಿದ್ದು ಮುಖ್ಯವಾಗಿ ಮಾತು ಹಿಡಿದಿಡುವ ಕೆಲಸವನ್ನು. ಸಂಗೀತ ಆಮೇಲೆ ಬಂದು ಜಾಗ ಹಿಡಿಯಿತು. ಆ ಲೆಕ್ಕದಲ್ಲಿ ಅರ್ಥಗಾರಿಕೆಯನ್ನು, ಅಂದರೆ ತಾಳಮದ್ದಲೆಯ ಮಾತುಗಾರಿಕೆಯನ್ನು, ಮುದ್ರಿಸಿಕೊಂಡ ನೀವೇ ಅದನ್ನು ಸರಿಯಾಗಿ ಬಳಸಿದವರು.

ಇನ್ನು ಮೊಮ್ಮಗನ ಭವಿಷ್ಯವಾಣಿ. ಹುಡುಗರ ಮಾತನ್ನು ತಳ್ಳಿಹಾಕುವಂತಿಲ್ಲ, ಅವರು ಹೇಳಿದ ಎಷ್ಟೋ ಮಾತು ನಿಜವಾಗಿದೆ. ಆದರೆ ಮೊಬೈಲನ್ನು ಹೊಡೆದೋಡಿಸಲು ಬಂದವರ ಕಥೆ ಅವನು ಕೇಳಿರಬೇಕಿತ್ತು. ಅಮೆರಿಕದ ಹ್ಯೂಮೇನ್ ಎಂಬ ಕಂಪನಿ 2024ರ ಏಪ್ರಿಲಿನಲ್ಲಿ ಅಂಗಿಯ ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಬಿಲ್ಲೆಯನ್ನು ಮಾರಾಟಕ್ಕಿಟ್ಟಿತು. ಪರದೆಯಿಲ್ಲ. ಕೇಳಿದರೆ ಉತ್ತರಿಸುತ್ತದೆ, ಅಂಗೈ ಚಾಚಿದರೆ ಅದರ ಮೇಲೆ ಹಸಿರು ಬೆಳಕಿನಲ್ಲಿ ಅಕ್ಷರ ಮೂಡಿಸುತ್ತದೆ. ಬೆಲೆ 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್ ಕಪ್ಪಕಾಣಿಕೆ. ಬಿಸಿಲಿನಲ್ಲಿ ಅಂಗೈಯ ಅಕ್ಷರ ಕಾಣಲಿಲ್ಲ, ಎದೆಯ ಮೇಲೆ ಬಿಲ್ಲೆ ಬಿಸಿಯಾಯಿತು, ಉತ್ತರ ತಡವಾಗಿ ಬಂತು, ಬಂದದ್ದೂ ಹಲವು ಸಲ ತಪ್ಪಾಗಿತ್ತು. 2025ರ ಫೆಬ್ರವರಿಯಲ್ಲಿ ಕಂಪನಿಯ ಬಹುಪಾಲನ್ನು ಎಚ್‌ಪಿ 11.6 ಕೋಟಿ ಡಾಲರಿಗೆ ಕೊಂಡಿತು, ಆ ತಿಂಗಳ 28ಕ್ಕೆ ಬಿಲ್ಲೆಗಳೆಲ್ಲ ನಿಂತವು. ಒಂದಕ್ಕೂ ಬೆಲ್ಟು ಹೋಗಿರಲಿಲ್ಲ, ಗೀರು ಬಿದ್ದಿರಲಿಲ್ಲ. ದೂರದಲ್ಲೆಲ್ಲೋ ಇದ್ದ ಕಂಪ್ಯೂಟರನ್ನು ಆರಿಸಿದರು, ಅಷ್ಟೇ.

ನಿಮ್ಮ ಪತ್ರ ಓದುವಾಗ ನನ್ನ ತಲೆಯಲ್ಲಿ ಸುತ್ತಿದ್ದು ಇದೇ. ನಿಮ್ಮ ಟೂ-ಇನ್-ವನ್ ಸತ್ತದ್ದು ನಿಮ್ಮ ಮನೆಯೊಳಗೆ, ನಿಮ್ಮ ಕಣ್ಣೆದುರಿಗೆ, ಒಂದು ರಬ್ಬರ್ ತುಂಡಿನಿಂದ. ಬೇಕೆಂದರೆ ಎಬ್ಬಿಸಬಹುದು. ಈಗಿನವು ಬೇರೆಲ್ಲೋ ಸಾಯುತ್ತವೆ, ನಮ್ಮ ಕೈಯಲ್ಲಿರುವುದು ಹೆಣ ಮಾತ್ರ. ನಮ್ಮ ಕಚೇರಿಯ ಬಾಗಿಲಿಗೆ ಒಂದು ಕ್ಯಾಮೆರಾ ಹಾಕಿಸಿದ್ದೆವು, ಯಾರು ಬಂದರೂ ಮೊಬೈಲಿನಲ್ಲಿ ಕಾಣುವಂಥದ್ದು. ಎರಡು ವರ್ಷ ಚೆನ್ನಾಗಿತ್ತು. ಒಂದು ದಿನ ಆ್ಯಪ್ ತೆರೆದರೆ "ಈ ಸೇವೆಯನ್ನು ನಿಲ್ಲಿಸಲಾಗಿದೆ, ನಿಮ್ಮ ಸಹಕಾರಕ್ಕೆ ಧನ್ಯವಾದ" ಎಂದು ಬಂತು. ನಾವು ಯಾವ ಸಹಕಾರ ಕೊಟ್ಟೆವೋ ತಿಳಿಯದು. ಕ್ಯಾಮೆರಾ ಇನ್ನೂ ಅಲ್ಲೇ ಇದೆ. ಅದರ ಕೆಂಪು ದೀಪ ಉರಿಯುವುದರಿಂದ ಕಳ್ಳರಿಗಾದರೂ ಭಯವಿರಲಿ ಎಂದು ಬಿಟ್ಟಿದ್ದೇವೆ. (ಕಳ್ಳರು ಈ ಪತ್ರಿಕೆ ಓದುವುದಿಲ್ಲವೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.)

ಕನ್ನಡಕದ ಕಥೆಯೂ ಹೊಸದಲ್ಲ. ಗೂಗಲ್ 2013ರಲ್ಲಿ 1,500 ಡಾಲರಿಗೆ ಇಂಥದೊಂದನ್ನು ಕೊಟ್ಟಿತ್ತು. ಹಾಕಿಕೊಂಡವರನ್ನು ಜನ ಅನುಮಾನದಿಂದ ನೋಡಿದರು, ಕೆಲವು ಹೋಟೆಲುಗಳು ಒಳಗೇ ಬಿಡಲಿಲ್ಲ. 2015ರ ಜನವರಿಯಲ್ಲಿ ಆ ಮಾರಾಟ ನಿಂತಿತು. ಈಗ ಮೆಟಾ ಮತ್ತು ರೇ-ಬ್ಯಾನ್ ಸೇರಿ ಮಾಡಿದ್ದು 2025ರ ಮೇ ತಿಂಗಳಿನಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಬಂದಾಗ ಬೆಲೆ 29,900 ರೂಪಾಯಿಯಿಂದ ಶುರುವಾಗಿತ್ತು. ಇದು ಉಳಿದುಕೊಳ್ಳಬಹುದು ಎಂದು ನನ್ನ ಅಂದಾಜು, ಕಾರಣ ಬಹಳ ಸರಳ: ನೋಡಲು ಕನ್ನಡಕದ ಹಾಗೆಯೇ ಇದೆ. ಆದರೆ ಅದು ಕೆಲಸ ಮಾಡಲು ಜೇಬಿನಲ್ಲಿ ಮೊಬೈಲು ಇರಲೇಬೇಕು. ಮೊಬೈಲನ್ನು ಓಡಿಸಲು ಬಂದದ್ದು ಮೊಬೈಲಿನ ಬಾಲ ಹಿಡಿದುಕೊಂಡೇ ಓಡಾಡುತ್ತಿದೆ ಎಂದು ಮೊಮ್ಮಗನಿಗೆ ಹೇಳಿ.

ಹುಟ್ಟಿದ ಕ್ರಮದಲ್ಲೇ ಸಾಯಬೇಕೆಂಬ ನಿಯಮವೂ ಯಂತ್ರಗಳಿಗಿಲ್ಲ. ಜೇಬಿನಲ್ಲಿ ಸಾವಿರ ಹಾಡು ಎಂದು 2001ರಲ್ಲಿ ಬಂದ ಐಪಾಡ್ 2022ರಲ್ಲಿ ಮುಗಿಯಿತು. ಅದೇ 2022ರಲ್ಲಿ ಅಮೆರಿಕದಲ್ಲಿ ಗ್ರಾಮಫೋನ್ ತಟ್ಟೆಗಳು ಸಿಡಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು, 1987ರ ನಂತರ ಮೊದಲ ಸಲ. ಅಜ್ಜ ಗಟ್ಟಿಯಾಗಿ ಕುಳಿತಿದ್ದಾನೆ, ಮಗ ಹಾಸಿಗೆ ಹಿಡಿದಿದ್ದಾನೆ, ಮೊಮ್ಮಗ ಹೋಗಿಯೇಬಿಟ್ಟ!

ಬೆಂಗಳೂರಿನ ಹುಡುಗನಾದ್ದರಿಂದ ಅವನಿಗೆ ಸಿಂಪ್ಯೂಟರ್ ಗೊತ್ತೇ ಎಂದು ಕೇಳಿ. ಗೊತ್ತಿರಲಾರದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿ ಸೇರಿ ಯೋಚಿಸಿದ ಅಂಗೈ ಕಂಪ್ಯೂಟರು ಅದು. ಸುಮಾರು ಒಂಬತ್ತು ಸಾವಿರ ರೂಪಾಯಿಯೊಳಗೆ ಕೊಡಬೇಕು, ಊರಿಗೊಂದಿದ್ದರೂ ಸಾಕು, ಪ್ರತಿಯೊಬ್ಬರೂ ತಮ್ಮ ಕಾರ್ಡು ಸಿಕ್ಕಿಸಿ ತಮ್ಮ ಕೆಲಸ ಮಾಡಿಕೊಳ್ಳಬೇಕು, ಓದಲು ಬಾರದವರಿಗೆ ಯಂತ್ರವೇ ಕನ್ನಡದಲ್ಲಿ ಓದಿ ಹೇಳಬೇಕು ಎಂಬ ಆಸೆ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಹೆಸರಿನ ಮಾದರಿಗೆ, ಹಿಡಿದ ಕೈ ವಾಲಿದರೆ ತಿಳಿಯುವ ಸೂಕ್ಷ್ಮವೂ ಇತ್ತು. ಐಫೋನ್ ಹುಟ್ಟಲು ಇನ್ನೂ ಮೂರು ವರ್ಷವಿತ್ತು. ಹೆಚ್ಚು ಮಾರಾಟವಾಗಲಿಲ್ಲ. ಅಷ್ಟರಲ್ಲಿ ನೋಕಿಯಾ 1100 ಬಂದಾಗಿತ್ತು, ನೆತ್ತಿಯಲ್ಲಿ ಟಾರ್ಚು ಹೊತ್ತುಕೊಂಡು. ಜನರಿಗೆ ಆಗ ಬೇಕಿದ್ದದ್ದು ಊರ ಕಂಪ್ಯೂಟರಲ್ಲ, ತಮ್ಮದೇ ಒಂದು ಫೋನು. ಕರೆಂಟು ಹೋದಾಗ ಒಂದು ಬೆಳಕು.

ಆದರೆ ಸಿಂಪ್ಯೂಟರಿನ ಆಸೆಯ ಒಂದು ಚೂರು ಈಗ ನಮ್ಮ ಕಚೇರಿ ಎದುರಿನ ಚಹಾ ಅಂಗಡಿಯಲ್ಲಿ ಕೂಗುತ್ತಿದೆ. ಅಂಗೈಯಗಲದ ಸ್ಪೀಕರ್ ಡಬ್ಬಿ, ಒಳಗೊಂದು ಸಿಮ್, ಒಂದು ಬ್ಯಾಟರಿ. ಗಿರಾಕಿ ಮೊಬೈಲಿನಿಂದ ಹಣ ಕಳಿಸಿದೊಡನೆ ಇಂತಿಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಸಾರುತ್ತದೆ. ಅಂಗಡಿಯಾತನ ಒಂದು ಕೈ ಹಾಲಿನ ಪಾತ್ರೆಯಲ್ಲಿ, ಇನ್ನೊಂದು ಸೋಸುವ ಬಟ್ಟೆಯಲ್ಲಿ, ಕಣ್ಣು ಒಲೆಯಲ್ಲಿ. ಬಿಡುವಾಗಿರುವುದು ಕಿವಿಯೊಂದೇ. ಆ ಡಬ್ಬಿಯನ್ನು ಯೋಚಿಸಿದವರು ಆ ಕಿವಿಯನ್ನು ಗಮನಿಸಿದ್ದಾರೆ. ಈಚಿನ ವರ್ಷಗಳ ಹೊಸ ಯಂತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ, ಎದೆಯ ಬಿಲ್ಲೆಯೂ ಅಲ್ಲ, ಕನ್ನಡಕವೂ ಅಲ್ಲ. ಹಾಗೆಂದು ಅದರ ಆಯುಷ್ಯವೂ ಅದರ ಕೈಯಲ್ಲಿಲ್ಲ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ "ನಗದು ಮಾತ್ರ" ಎಂಬ ಚೀಟಿ ನೇತಾಡಿತು. ಡಬ್ಬಿಗಳು ಮೌನ ವ್ರತ ಹಿಡಿದವು.

ಇನ್ನು ನಿಮ್ಮ ವಾಚು. ಅದು ನಿಮ್ಮ ನಿದ್ದೆಯನ್ನು ನೋಡುವುದೇ ಇಲ್ಲ, ಮಾಸ್ತರರೇ. ನಿದ್ದೆ ಇರುವುದು ಮಿದುಳಿನಲ್ಲಿ, ವಾಚು ಇರುವುದು ಮಣಿಕಟ್ಟಿನಲ್ಲಿ. ಹಿಂಬದಿಯ ಹಸಿರು ದೀಪದಿಂದ ನಾಡಿಯನ್ನೂ, ಕೈಯ ಅಲುಗಾಟವನ್ನೂ ಅಳೆದು, ಇಷ್ಟು ಹೊತ್ತು ಅಲುಗಾಡಲಿಲ್ಲ, ನಿದ್ದೆಯೇ ಇರಬೇಕು ಎಂದು ಊಹಿಸುತ್ತದೆ. ನೀವು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದರೆ ಅದನ್ನೂ ನಿದ್ದೆಯ ಖಾತೆಗೆ ಹಾಕೀತು. ಪರೀಕ್ಷೆ ಬರೆಯದ ಹುಡುಗನಿಗೆ, ಬೆಂಚಿನ ಮೇಲೆ ಅಲುಗಾಡದೆ ಕುಳಿತನೆಂದು ಅಂಕ ಕೊಟ್ಟಂತೆ. ನೀವು ಎಂದಾದರೂ ಹಾಗೆ ಕೊಟ್ಟಿದ್ದೀರಾ? ಅಂಕ ನೋಡಿ ನಿದ್ದೆಗೆಡುವ ಸಂಕಟ ನಿಮ್ಮೊಬ್ಬರದಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಅದಕ್ಕೆ ಆರ್ಥೋಸಾಮ್ನಿಯಾ ಎಂದು ಹೆಸರನ್ನೇ ಇಟ್ಟಿದ್ದಾರೆ. ರಾತ್ರಿ ಅದನ್ನು ಕಳಚಿ ಚಾರ್ಜಿಗೆ ಹಾಕಿ, ಅದಕ್ಕೂ ವಿಶ್ರಾಂತಿ.

ಹಗಲು ಮಾತ್ರ ಕಟ್ಟಿಕೊಳ್ಳಿ. ಬಿದ್ದಾಗ ತಿಳಿದುಕೊಂಡು ಮನೆಯವರಿಗೆ ಸುದ್ದಿ ಕಳಿಸುವ ಸೌಲಭ್ಯ ಕೆಲವು ವಾಚುಗಳಲ್ಲಿದೆ. ನಿಮ್ಮದರಲ್ಲಿ ಇದೆಯೇ ಎಂದು ಮಗನನ್ನು ಕೇಳಿ. ಪಾಚಿಗಟ್ಟಿದ ತೋಟದ ಸಂಕದ (ಕಾಲುಸೇತುವೆಯ) ಮೇಲೆ ಒಬ್ಬರೇ ಓಡಾಡುವವರಿಗೆ ಅದು ನಿದ್ದೆಯ ಅಂಕಕ್ಕಿಂತ ನೂರು ಪಾಲು ಉಪಯೋಗ. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮಾತ್ರ ನಿಮ್ಮ ಕಡೆಯ ಹಳೆಯ ಪದ್ಧತಿಯಂತೆ ಕೂ ಹಾಕುವುದೇ ಗತಿ. ಕಪಾಟಿನಲ್ಲಿದೆ ಎಂದು ಬರೆದ ಎಚ್‌ಎಂಟಿ ಜನತಾವನ್ನೂ ಹೊರಗೆ ತೆಗೆಯಿರಿ. ಆ ಗಡಿಯಾರ ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲೇ ಆಯಿತು, ನಿಮ್ಮ ವಾಚಿಗೆ ಆ ಸುದ್ದಿ ತಲುಪಿಲ್ಲ. ಬೆಳಿಗ್ಗೆ ಕೀಲಿ ಕೊಟ್ಟರೆ ಮರುದಿನದವರೆಗೆ ನಡೆಯುತ್ತದೆ, ಯಾರನ್ನೂ ಕೇಳುವುದಿಲ್ಲ.

ಕೊನೆಗೆ ನನ್ನ ಕಡೆಯಿಂದ ಒಂದು ಕೇಳಿಕೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಾದ್ದರಿಂದ ನಲವತ್ತೈದನೆಯ ನಿಮಿಷಕ್ಕೆ ತಿರುಗಿಸಿ ಹಾಕಬೇಕಿತ್ತು, ಆ ಗಡಿಬಿಡಿಯಲ್ಲಿ ಕೌರವನ ಮಾತಿನ ನಡುವಿನ ಒಂದು ತುಂಡು ಎಂದೆಂದಿಗೂ ಹೋಯಿತು, ಆದರೆ ಅದು ತಮಗೆ ಬಾಯಿಪಾಠ ಎಂದು ಬರೆದಿದ್ದೀರಿ. ಧ್ವನಿ ಇಳಿಸಿಕೊಳ್ಳುವ ದಿನ, ಮೊದಲ ಮಗ್ಗುಲು ಮುಗಿದು ಟಕ್ಕೆಂದು ಗುಂಡಿ ಮೇಲೆದ್ದ ಕೂಡಲೇ ಮೊಮ್ಮಗನಿಗೆ ಮೊಬೈಲು ಹಿಡಿಯಲು ಹೇಳಿ ಆ ಮಾತನ್ನು ನೀವೇ ಆಡಿಬಿಡಿ. ಆಮೇಲೆ ಎರಡನೆಯ ಮಗ್ಗುಲು ಹಾಕಿದರಾಯಿತು.

– ಸಂಪಾದಕ